ಒಂದು ಗೆರೆ

ಹದಿನೆಂಟನೆಯ ಕುಳಿಯ ಹಿಂದಿನ ಡೇರೆಯಲ್ಲಿ
ಬೆಳ್ಳಿಯ ಹೂಜಿಯನ್ನು ಮಡಿಲಲ್ಲಿಟ್ಟು ಕೂತಿದ್ದೇನೆ,
ಕೂಸನ್ನು ಮಲಗಿಸಲು ಕೂತವಳ ಹಾಗೆ.
ಹೊರಗೆ ಸಮುದ್ರದ ಗಾಳಿ. ಅಷ್ಟು ಸಾವಿರ ಜನ
ಒಮ್ಮೆಲೇ ಉಸಿರು ಹಿಡಿದರೆ
ಅದೂ ಕೇಳಿಸುತ್ತದೆ ಇಲ್ಲಿಗೆ.

ಎಲ್ಸ್‌ಪೆತ್ ಗಿಲ್‌ಕ್ರೈಸ್ಟ್ ನಾನು. ಹೆಸರು ಕೊರೆಯುವವಳು.
ಗೆದ್ದವನು ಕೈಕುಲುಕಿ, ಟೊಪ್ಪಿ ತೆಗೆದು,
ಹೆಂಡತಿಯ ಹೆಗಲಲ್ಲಿ ಕಣ್ಣೊರೆಸಿಕೊಂಡು ಬರುವುದರೊಳಗೆ
ಅವನು ಬೆಳ್ಳಿಯ ಮೇಲಿರಬೇಕು.
ಏಳು ನಿಮಿಷ. ಹೆಚ್ಚೆಂದರೆ ಎಂಟು.

ಮೇಲಿನ ಸಾಲು ಮುತ್ತಜ್ಜನ ಕೈ.
ಮೊದಲಿಗ ಆಂಡ್ರಾ ಪಿಟ್‌ಕೇರ್ನ್, ಚೆಂಡು ಹೊಲಿಯುತ್ತಿದ್ದವ.
ಒಂದು ಚೆಂಡಿಗೆ ಒಂದು ಹ್ಯಾಟಿನ ತುಂಬ ಹೆಬ್ಬಾತಿನ ಗರಿ,
ಬೇಯಿಸಿ, ತೊಗಲಿನೊಳಗೆ ಎದೆಯಿಂದ ಒತ್ತಿ ಒತ್ತಿ ತುರುಕಿ
ದಿನಕ್ಕೆ ಮೂರು; ಕೈ ಓಡಿದರೆ ನಾಲ್ಕು.
ಗರಿಯ ದೂಳು ಅವನ ಎದೆಯಲ್ಲೇ ಗೂಡು ಕಟ್ಟಿತ್ತು.
ಕೆಮ್ಮುತ್ತಲೇ ಮೂರು ಸುತ್ತು ನಡೆದ, ಗೆದ್ದ.
ಆಡಿದವರು ಒಂಬತ್ತು ಜನ. ನೋಡಿದವರು
ಇಬ್ಬರು ಪಾದ್ರಿಗಳು, ಒಂದು ನಾಯಿ,
ಮತ್ತೆ, ಹುಲ್ಲು ಕತ್ತರಿಸುವ ಕೆಲಸಕ್ಕಿದ್ದ ಕುರಿಗಳು.

ಗೆದ್ದವನು ಕ್ಲಬ್ಬಿನ ಹಿಂಬಾಗಿಲಿಗೆ ಹೋದ.
ಮುಂಬಾಗಿಲು ಕಾಸಿಗಾಗಿ ಆಡದವರದು.
ಒಳಗೆ ಗಾಜಿನ ಕಪಾಟಿನಲ್ಲಿ ಅವನ ಹೆಸರು ಬೆಚ್ಚಗೆ ಕೂತಿತು,
ಅವನು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಸಾರು ಕುಡಿದ.

ಆಮೇಲೆ ಗರಿ ಹೋಗಿ ಮರದ ಅಂಟು ಬಂತು,
ಅಂಟು ಹೋಗಿ ರಬ್ಬರು.
ಹಡಗಿನಲ್ಲಿ ಬಂದರು ದೊಡ್ಡ ನಗುವಿನವರು,
ಅವರ ಹಿಂದೆ ಕ್ಯಾಮರಾ, ಕ್ಯಾಮರಾದ ಹಿಂದೆ ಚೆಕ್ಕು.
ಹೂಜಿಯಲ್ಲಿ ಜಾಗ ಸಾಲದೆ ಕೆಳಗೊಂದು ಪೀಠ,
ಪೀಠ ಸಾಲದೆ ಇನ್ನೊಂದು.
ಯುದ್ಧದ ವರ್ಷಗಳಿಗೆ ಹೆಸರಿಲ್ಲ. ಏಳನೆಯ ಕುಳಿಯ ಹಾದಿಯಲ್ಲಿ
ಆಗ ಆಲೂಗೆಡ್ಡೆ ಬೆಳೆದಿದ್ದರಂತೆ.
ಅಮ್ಮ ಕೊರೆಯುವಾಗ ಹೆಂಗಸರಿಗೆ ಒಳಗೆ ಪ್ರವೇಶವಿಲ್ಲ:
ಪಾತ್ರೆ ತೊಳೆಯುವ ಕೋಣೆಯ ಕಿಟಕಿಯಿಂದ ದಾಟಿಸುತ್ತಿದ್ದರು ಹೂಜಿ,
ಹಾಲಿನ ಕ್ಯಾನು ದಾಟಿಸಿದ ಹಾಗೆ.

ನೋಡಿ, ಇಲ್ಲಿ. ಬೆರಳಿಡಿ.
ಅಜ್ಜನಿಗೆ ಅಂದು ಅವಸರ. ಮಬ್ಬುಗತ್ತಲು, ರೇಡಿಯೋದವರ ಕಾಟ.
ಡಂಕನ್ ಫರ್ಕರ್ ಮೂರು ಹೊಡೆತ ಮುಂದಿದ್ದ, ಉಳಿದದ್ದು ಒಂದೇ ಕುಳಿ.
'ಇನ್ನೇನು' ಎಂದು ಅಜ್ಜ 'ಎಫ್' ಕೊರೆದ.
ಹೊರಗೊಂದು ಸದ್ದು, ಸಣ್ಣದು,
ತೊರೆಗೆ ಕಲ್ಲು ಬಿದ್ದ ಹಾಗೆ.
ಮತ್ತೊಮ್ಮೆ ಅದೇ ಸದ್ದು.

ಗೆದ್ದವನು ಎಲ್ಫಿನ್‌ಸ್ಟನ್.
ಅಜ್ಜ ದೇವರಿಗೆ ಕೈ ಮುಗಿದದ್ದು ಅದೊಂದೇ ಸಲವಂತೆ.
'ಎಫ್' ಕಾಲಡಿಗೆ ಒಂದು ಗೆರೆ ಎಳೆದ; 'ಇ' ಆಯಿತು.
ಯಾರಿಗೂ ಗೊತ್ತಾಗಲಿಲ್ಲ. ಇಂದಿಗೂ ಗೊತ್ತಿಲ್ಲ.
ಆ ಗೆರೆ ಮಾತ್ರ ಉಳಿದವಕ್ಕಿಂತ ಒಂದು ಕೂದಲಷ್ಟು ಆಳ.

ಫರ್ಕರ್ ಹೋದ ವರ್ಷ ಬಂದಿದ್ದ, ತೊಂಬತ್ತರ ಹತ್ತಿರ,
ಮೊಮ್ಮಗಳ ತೋಳು ಹಿಡಿದು.
ಕೈಗೆ ಬಂದ ತುತ್ತು ಬಾಯಿಗೆ ಬಾರದವನೆಂದು
ಪತ್ರಿಕೆಗಳು ಅರವತ್ತು ವರ್ಷ ಅವನನ್ನು ಮೆಲುಕು ಹಾಕಿವೆ.
ಹೇಳಬಾರದಿತ್ತೇನೋ. ಹೇಳಿದೆ.
ಅವನ ಉಗುರು ಹಿಡಿದು ಆ ಗೆರೆಯ ಮೇಲೆ ಹಾಯಿಸಿದೆ,
ಒಮ್ಮೆ, ಇನ್ನೊಮ್ಮೆ.

'ಹಾಗಾದರೆ ಇದರಲ್ಲಿ ಮೂರು ಗೆರೆ ನನ್ನವು,' ಎಂದ.
ತುಸು ಹೊತ್ತು ಬಿಟ್ಟು,
'ಆ ತೊರೆಗೆ ಈಗ ಸೇತುವೆ ಅಗಲ ಮಾಡಿದ್ದಾರೆ, ಒಳ್ಳೆಯದಾಯಿತು,'
ಎಂದು ಚಹಾಕ್ಕೆ ಸಕ್ಕರೆ ಕೇಳಿದ.

ಈಗ ಹೊರಗೆ ಉಸಿರು ನಿಂತಿದೆ.
ಉಳಿ ಕೈಯಲ್ಲಿದೆ. ಮುಂದಿರುವವನ ಹೆಸರೂ ಗೊತ್ತು ನನಗೆ,
ಅದರ ಮೊದಲ ಅಕ್ಷರವೂ.
ಚೆಂಡು ಇನ್ನೂ ಉರುಳುತ್ತಿರಬೇಕು.